ಖೋ ಬೀಳುವ ಮೊದಲೇ ಎದ್ದವಳ ಪ್ರಶ್ನೆ: ಮಗಳು ಟೀಮ್ ಬಿಡ್ತೀನಿ ಅಂತಿದಾಳೆ, ಏನು ಹೇಳಲಿ?

ಮೂರನೇ ಚೌಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯ ಖೋ-ಖೋ ಟೀಮಿನಲ್ಲಿದ್ದಾಳೆ. ಇದ್ದಾಳೆ ಅಂದರೆ 12 ಜನರ ಪಟ್ಟಿಯಲ್ಲಿ ಹೆಸರಿದೆ, ಅಷ್ಟೆ. ಅಂಕಣಕ್ಕೆ ಇಳಿಯೋದು 9 ಜನ. ಉಳಿದ ಮೂವರಲ್ಲಿ ಇವಳೊಬ್ಬಳು. ಜೂನ್‌ನಿಂದ ದಿನಾ ಬೆಳಗ್ಗೆ ಆರಕ್ಕೆ ಪ್ರಾಕ್ಟೀಸ್‌ಗೆ ಹೋಗುತ್ತಿದ್ದಾಳೆ. ಹೋಬಳಿ ಮಟ್ಟದಲ್ಲಿ ಮೂರು ಮ್ಯಾಚ್ ಆಯಿತು, ಒಂದು ನಿಮಿಷವೂ ಆಡಿಸಲಿಲ್ಲ. ನೀರಿನ ಬಾಟಲಿ, ಎಲ್ಲರ ಚಪ್ಪಲಿ, ಬ್ಯಾಗು ಕಾಯೋದು ಅವಳ ಕೆಲಸ. ಮೊನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ, "ಅಮ್ಮ, ನಾನು ಬಿಟ್ಟುಬಿಡ್ತೀನಿ" ಅಂದಳು.

"ಬಿಡಬೇಡ" ಅನ್ನೋಕೆ ಬಾಯಿ ತೆರೆದೆ. ಯಾಕೆ ಬಿಡಬಾರದು ಅಂತ ಹೇಳೋಕೆ ನೆಟ್ಟಗೆ ಒಂದು ಕಾರಣ ಸಿಗಲಿಲ್ಲ. ಇದ್ದದ್ದು ಒಂದು ಹಳೇ ಕತೆ. ಅವಳಿಗೆ ಇನ್ನೂ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

1998. ಮಂಡ್ಯ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ನಾನು ಒಂಬತ್ತನೇ ಕ್ಲಾಸು. ಮೂರನೇ ಚೌಕದಲ್ಲಿ ಕೂರುತ್ತಿದ್ದೆ. ಆಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎರಡು ಕಂಬದ ನಡುವೆ ಎಂಟು ಜನ ಸಾಲಾಗಿ ಕೂರುತ್ತಾರೆ. ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವರು ಅಟ್ಟಿಸಿಕೊಂಡು ಹೋಗುತ್ತಾರೆ. ಓಡುವವರು ಕೂತವರ ನಡುವೆ ಹೆಂಗೆ ಬೇಕಾದರೂ ನುಸುಳಬಹುದು. ಅಟ್ಟಿಸುವವರು ಮಾತ್ರ ನಡುಗೆರೆ ದಾಟುವ ಹಾಗಿಲ್ಲ, ಹೊರಟ ದಿಕ್ಕಿನಿಂದ ಹಿಂದಕ್ಕೆ ತಿರುಗುವ ಹಾಗೂ ಇಲ್ಲ. ಓಡುವವಳು ಆಚೆ ಬದಿಗೆ ಹೋದಳಾ, ಆಚೆಗೆ ಮುಖ ಮಾಡಿ ಕೂತವಳ ಬೆನ್ನು ಮುಟ್ಟಿ "ಖೋ" ಅನ್ನಬೇಕು, ಅವಳ ಜಾಗದಲ್ಲಿ ತಾನು ಕೂರಬೇಕು. ಕೂತಿರುವಾಗ ಬೆನ್ನ ಹಿಂದೆ ಏನಾಗುತ್ತಿದೆ ಅಂತ ಕಾಣೋದಿಲ್ಲ. ಬರಿಗಾಲಿನ ಸದ್ದು ಕೇಳುತ್ತೆ, ಏದುಸಿರು ಕೇಳುತ್ತೆ.

ಜಿಲ್ಲಾ ಮಟ್ಟದ ಫೈನಲ್. ಕೊನೇ ಸರದಿ, ಚೇಸಿಂಗ್ ನಮ್ಮದು. ಒಂದು ಪಾಯಿಂಟ್ ಹಿಂದಿದ್ದೆವು. ಅರ್ಧ ನಿಮಿಷವೂ ಉಳಿದಿರಲಿಲ್ಲ. ಅವರ ಹುಡುಗಿ ಸರಿಯಾಗಿ ನನ್ನ ಮುಂದೆಯೇ ಬಂದಳು, ಒಂದು ಮಾರು ದೂರ. ಹಿಂದಿನಿಂದ "ಖೋ" ಕೇಳಿತು. ಎದ್ದೆ. ಒಂದೇ ಹೆಜ್ಜೆಗೆ ಅವಳ ಭುಜ ಸಿಕ್ಕಿತು. ಎರಡೂ ಕೈ ಮೇಲೆತ್ತಿ ಕುಣಿಯೋಕೆ ಶುರು ಮಾಡಿದ್ದೆ, ಅಷ್ಟರಲ್ಲಿ ಸೀಟಿ. ಫೌಲ್. ಬೆನ್ನಿಗೆ ಕೈ ತಾಗುವ ಮೊದಲೇ ಎದ್ದುಬಿಟ್ಟಿದ್ದೆ. ಔಟ್ ಲೆಕ್ಕಕ್ಕಿಲ್ಲ. ಅದರ ಮೇಲೆ, ಹೊರಟ ದಿಕ್ಕು ಬಿಟ್ಟು ಉಲ್ಟಾ ಹೋಗಬೇಕು. ಹೋಗುವಷ್ಟರಲ್ಲಿ ಟೈಮ್ ಮುಗಿಯಿತು.

ಸೋತದ್ದು ಬಿಡಿ. ನಾನು ಅಂಪೈರ್ ಹತ್ತಿರ ಹೋಗಿ ಕೈ ತಾಗಿತ್ತು ಅಂತ ಜಗಳ ಆಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಮ್ಮ ಮೇಷ್ಟ್ರು ಕೇಳಿದರು, "ತಾಗಿತ್ತೇನಮ್ಮ?" "ತಾಗಿತ್ತು ಸಾರ್" ಅಂದೆ. ಖೋ ಕೊಟ್ಟವಳು ಕಿಟಕಿ ಪಕ್ಕ ಕೂತಿದ್ದಳು. ತುಟಿ ಬಿಚ್ಚಲಿಲ್ಲ, ಕಬ್ಬಿನ ಗದ್ದೆ ನೋಡುತ್ತಾ ಕೂತಳು. ಊರಿಡೀ ಅಂಪೈರ್ ಮೋಸ ಮಾಡಿದ ಅಂತ ಸುದ್ದಿ. ಹದಿನೈದು ದಿನ ನಾನೇ ಹೀರೋಯಿನ್. ಹದಿನಾರನೇ ದಿನ ಬೋರ್‌ವೆಲ್ ಹತ್ತಿರ ಕೈಕಾಲು ತೊಳೆಯುವಾಗ ಅವಳಿಗೆ ಹೇಳಿದೆ, "ತಾಗಿರಲಿಲ್ಲ ಕಣೇ." ಅವಳು "ನಂಗೊತ್ತಿಲ್ವಾ? ಕೈ ನಂದೇ ಅಲ್ವಾ" ಅಂದಳು. ಅಂದು, ಇನ್ನೊಂದು ಕಾಲು ನೀರಿಗೆ ಹಿಡಿದಳು.

ಆಟದಿಂದ ಏನು ಕಲಿತೆ ಅಂತ ಯಾರಾದರೂ ಕೇಳಿದರೆ ನನಗೆ ಇದೊಂದೇ ನೆನಪಾಗೋದು. ಆದರೆ ಇದು ಆಡಿದವಳ ಕತೆ. ಚಪ್ಪಲಿ ಕಾಯುವವಳಿಗೆ ಇದನ್ನು ಯಾವ ಮುಖ ಇಟ್ಕೊಂಡು ಹೇಳಲಿ? ತಾಲ್ಲೂಕು ಮಟ್ಟಕ್ಕೆ ಇನ್ನು ಮೂರು ವಾರ. ಬಿಡು ಅನ್ನಲಾ, ಇರು ಅನ್ನಲಾ?

ಬೆಣ್ಣೆ ದೋಸೆ:

"ಕೈ ನಂದೇ ಅಲ್ವಾ." ಈ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಾನು ದಾವಣಗೆರೆ ಕಡೆಯವನು. ಪೋಲ್ ಹತ್ತಿರದ ಆಟಗಾರ. ಪೋಲ್ ಡೈವ್ (ಕಂಬ ಹಿಡಿದು ಓಡುವವನ ಕಡೆಗೆ ಹಾರೋದು) ಹೊಡೆದೂ ಹೊಡೆದೂ ಎಡ ಮೊಣಕೈ ಮೇಲೆ ಇವತ್ತಿಗೂ ಕೂದಲಿಲ್ಲ. ನನ್ನ ರೋಗ ನಿಮ್ಮದಕ್ಕೆ ಉಲ್ಟಾ. ನಾನು ಖೋ ಕೊಡುತ್ತಲೇ ಇರಲಿಲ್ಲ. ಹಿಡಿದರೆ ನಾನೇ ಹಿಡಿಯಬೇಕು. ರನ್ನರ್ ಆಚೆ ನುಸುಳಿದರೂ ಕಂಬದ ತನಕ ಓಡಿ, ಸುತ್ತು ಹಾಕಿ, ಮತ್ತೆ ಬೆನ್ನಟ್ಟುತ್ತಿದ್ದೆ. ಜನ ಶಿಳ್ಳೆ ಹೊಡೆಯುತ್ತಿದ್ದರು, ಅದೇ ಖುಷಿ. ಕೂತ ಎಂಟು ಜನ ಬರೀ ಗೂಟ.

ನಮ್ಮ ಮೇಷ್ಟ್ರು ಬೈಯಲಿಲ್ಲ. ಒಂದು ವಾರ ಪ್ರಾಕ್ಟೀಸ್‌ನಲ್ಲಿ ನನಗೊಂದು ಕಾನೂನು ಮಾಡಿದರು. ನಾನು ಯಾರನ್ನೂ ಮುಟ್ಟುವ ಹಾಗಿಲ್ಲ. ರನ್ನರ್ ಕೈಗೆ ಸಿಕ್ಕರೂ ಬಿಡಬೇಕು. ಖೋ ಮಾತ್ರ ಕೊಡಬೇಕು. ಮೊದಲ ಎರಡು ದಿನ ಸಿಟ್ಟಿನಿಂದ ಸುಮ್ನೆ ಎಲ್ಲರ ಬೆನ್ನು ಗುದ್ದಿಕೊಂಡು ಓಡಾಡಿದೆ. ಮೂರನೇ ದಿನ ಕಣ್ಣಿಗೆ ಬಿದ್ದದ್ದು: ರನ್ನರ್ ಹೆದರೋದು ನನಗಲ್ಲ. ಮುಂದಿನ ಖೋ ಎಲ್ಲಿಂದ ಏಳುತ್ತೆ ಅನ್ನೋದಕ್ಕೆ. ನಾನು ಬೇಗ ಕೂತಷ್ಟೂ ಅವಳು, ಕ್ಷಮಿಸಿ, ಅವನು ಬೇಗ ಸುಸ್ತಾಗುತ್ತಾನೆ.

ಈಗ ಗ್ಯಾರೇಜ್ ಇಟ್ಟಿದ್ದೀನಿ. ನಾಲ್ಕು ಹುಡುಗರಿದ್ದಾರೆ. ಬೋಲ್ಟ್ ಬಿಚ್ಚೋಕೆ ಒದ್ದಾಡುತ್ತಿರುವ ಹುಡುಗನ ಕೈಯಿಂದ ಸ್ಪ್ಯಾನರ್ ಕಿತ್ಕೊಳ್ಳಬೇಕು ಅಂತ ದಿನಕ್ಕೆ ಹತ್ತು ಸಲ ಅನ್ನಿಸುತ್ತೆ. ಏಳೆಂಟು ಸಲ ತಡ್ಕೊಳ್ತೀನಿ.

ನನ್ನ ಓಟು: ಬಿಡಿಸಬೇಡಿ. ನನ್ನ ತಂಗಿ ಹೀಗೇ ಎಂಟನೇ ಕ್ಲಾಸಿನಲ್ಲಿ ಬಿಟ್ಟಳು. ಈಗಲೂ "ಯಾರೂ ಬಾ ಅಂತ ಕರೀಲೇ ಇಲ್ಲ" ಅಂತಾಳೆ.

ಸುಮ್ನೆ ಕೇಳಿದೆ:

ನಾನು ಸ್ವಲ್ಪ ಕಹಿ ಮಾತಾಡ್ತೀನಿ, ಬೈಬೇಡಿ.

ಆಟ ಮನುಷ್ಯನನ್ನು ತಿದ್ದುತ್ತೆ ಅಂತ ಹೇಳೋರೆಲ್ಲ ಆಟದಿಂದ ಚೆನ್ನಾಗಿ ಆದವರೇ. ಹಾಳಾದವರು ಬಂದು ಬರೆಯೋದಿಲ್ಲ. ನಾನು ಬರೆಯುತ್ತೀನಿ. ಕಬಡ್ಡಿ ಆಡುತ್ತಿದ್ದೆ. 14ರ ಒಳಗಿನವರ ಟೀಮಿಗೆ ನನ್ನನ್ನು ಸೇರಿಸಿದಾಗ ನನಗೆ ಹದಿನಾರು ನಡೆಯುತ್ತಿತ್ತು. ಹುಟ್ಟಿದ ತಾರೀಕು ಯಾರು ತಿದ್ದಿದರು, ಎಲ್ಲಿ ತಿದ್ದಿದರು ಅಂತ ಹೇಳಲ್ಲ. ಮ್ಯಾಚಿಗೆ ಮೊದಲು ನನ್ನಿಂದ ಆ ಸುಳ್ಳು ತಾರೀಕು ಬಾಯಿಪಾಠ ಮಾಡಿಸಿದರು, ಮಗ್ಗಿ ಹೇಳಿಸಿದ ಹಾಗೆ. ಮುಂದಿನ ವರ್ಷ ತೂಕದ ಮಿತಿಗೆ ಬರಬೇಕು ಅಂತ ಎರಡು ದಿನ ಬರೀ ನೀರು. ಅದರ ಮುಂದಿನ ವರ್ಷ ಮಂಡಿಯ ಲಿಗಮೆಂಟ್ ಹರಿಯಿತು. ಬ್ಯಾನರ್‌ನಲ್ಲಿ ನನ್ನ ಫೋಟೋ ಹಾಕಿದವರು ಆಸ್ಪತ್ರೆಗೆ ಬರಲಿಲ್ಲ. ಖರ್ಚಿಗೆ ಅಪ್ಪ ಒಂದು ಹಸು ಮಾರಿದರು.

ಮೂರನೇ ಚೌಕ ಅವರೇ, ನೀವು ಸುಳ್ಳು ಹೇಳಿ ಹದಿನಾರನೇ ದಿನ ಒಪ್ಪಿಕೊಂಡಿರಿ. ನನ್ನ ಸುಳ್ಳನ್ನು ಒಪ್ಪಿಕೊಳ್ಳೋಕೆ ಯಾರೂ ಬಿಡಲಿಲ್ಲ, ಸರ್ಟಿಫಿಕೇಟ್ ಕೊಟ್ಟರು. ಆಟ ತಾನಾಗಿ ಏನೂ ಕಲಿಸಲ್ಲ ಅನ್ನೋದು ನನ್ನ ಅನುಭವ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಿಮ್ಮ ಪಕ್ಕ ಆ ಹುಡುಗಿ ಇದ್ದಳು. ಮಗಳ ಪಕ್ಕ ಯಾರಿದ್ದಾರೆ ನೋಡಿ, ಆಮೇಲೆ ತೀರ್ಮಾನ ಮಾಡಿ. ಮೂರು ತಿಂಗಳು ಬ್ಯಾಗು ಕಾಯಿಸಿದ್ದಾರೆ ಅಂದರೆ ನಾನಾಗಿದ್ದರೆ ಬಿಡಿಸುತ್ತಿದ್ದೆ.

ಡ್ರಿಲ್ ಮೇಷ್ಟ್ರು:

ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ, ಈಗ ನಿವೃತ್ತಿ. ಮೇಲಿನ ಮಾತು ಓದಿ ತಲೆ ತಗ್ಗಿಸಿದೆ. ವಯಸ್ಸು ತಿದ್ದುವುದನ್ನು ಪಕ್ಕದಲ್ಲೇ ನೋಡಿದ್ದೇನೆ. ಎಲ್ಲಾ ಸಲ ಬಾಯಿ ಬಿಟ್ಟಿಲ್ಲ. ಅಷ್ಟು ಹೇಳಿ ಪ್ರಶ್ನೆಗೆ ಬರುತ್ತೇನೆ.

ಒಂಬತ್ತು ಜನರನ್ನು ಹೇಗೆ ಆರಿಸುತ್ತೇವೆ ಅಂತ ತಂದೆತಾಯಿಗೆ ಗೊತ್ತಿರಲ್ಲ. ವೇಗ ನೋಡಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಂಬದ ಪಕ್ಕದ ಚೌಕಕ್ಕೆ ವೇಗ ಬೇಕು, ಡೈವ್ ಧೈರ್ಯ ಬೇಕು. ಅದು ನಿಜ. ನಡುವಿನ ಚೌಕಗಳಿಗೆ ಬೇಕಾದದ್ದು ತಾಳ್ಮೆ. ಅಲ್ಲಿ ಖೋ ಜಾಸ್ತಿ ಬೀಳುತ್ತೆ, ಬೀಳುವ ಹಾಗೆ ಮಾಡಿ ಬೀಳದೇ ಇರುವುದೂ ಜಾಸ್ತಿ. ನಮ್ಮಲ್ಲಿ ಇದಕ್ಕೆ ಒಂದು ಪ್ರಾಕ್ಟೀಸ್ ಇತ್ತು. ಎಲ್ಲರನ್ನೂ ಶಾಲೆ ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದೆ. ಕಣ್ಣು ಮುಚ್ಚಬೇಕು. ಹಿಂದೆ ಓಡಾಡುತ್ತಾ ಒಬ್ಬೊಬ್ಬರ ಕಿವಿ ಹತ್ತಿರ "ಖೋ" ಅನ್ನುತ್ತಿದ್ದೆ. ಕೆಲವು ಸಲ ಮುಟ್ಟಿ, ಕೆಲವು ಸಲ ಮುಟ್ಟದೆ. ಮುಟ್ಟದೇ ಎದ್ದವರಿಗೆ ಮೈದಾನ ಒಂದು ಸುತ್ತು. ಎಷ್ಟೋ ದಿನ ಟೀಮಿನ ಕ್ಯಾಪ್ಟನ್ನೇ ಹೆಚ್ಚು ಸುತ್ತು ಓಡುತ್ತಿದ್ದಳು.

ಒಬ್ಬ ಹುಡುಗಿ ಇದ್ದಳು. ಎರಡು ವರ್ಷ ಬೆಂಚಿನಲ್ಲೇ ಇಟ್ಟಿದ್ದೆ. ಓಟ ನಿಧಾನ. ನಾನೂ ಅವಳ ಕೈಗೆ ಬಾಟಲಿ ಕೊಟ್ಟವನೇ. ಗೋಡೆ ಪ್ರಾಕ್ಟೀಸ್‌ನಲ್ಲಿ ಅವಳು ಒಂದು ಸಲವೂ ತಪ್ಪಿ ಎದ್ದಿಲ್ಲ ಅಂತ ನನಗೆ ಹೊಳೆದದ್ದು ಎರಡನೇ ವರ್ಷದ ಕೊನೆಗೆ. ಸುತ್ತು ಓಡಿದವರ ಲೆಕ್ಕ ಬರೆಯುತ್ತಿದ್ದೆ, ಓಡದವಳ ಹೆಸರು ಲೆಕ್ಕದಲ್ಲೇ ಇರಲಿಲ್ಲ! ಅವಳನ್ನು ಐದನೇ ಚೌಕದಲ್ಲಿ ಕೂರಿಸಿದೆ. ನಮ್ಮ ಫೌಲ್ ಕಡಿಮೆ ಆಯಿತು. ಅವಳು ಹತ್ತನೇ ಕ್ಲಾಸಿನಲ್ಲಿದ್ದಳು, ಆಡಿದ್ದು ಅದೊಂದೇ ವರ್ಷ. ಮೊದಲಿನ ಎರಡು ವರ್ಷಕ್ಕೆ ಅವಳಿಗೆ ನಾನು ಸಾಲಗಾರ.

ನಿಮ್ಮ ಮಗಳ ಮೇಷ್ಟ್ರು ಕೆಟ್ಟವರೇ ಆಗಿರಬೇಕು ಅಂತಿಲ್ಲ. ನನ್ನ ಹಾಗೆ ಕುರುಡರಾಗಿರಬಹುದು. ಹೋಗಿ ಕೇಳಬೇಕು. ಆದರೆ ನೀವು ಹೋಗಬೇಡಿ, ಅವಳೇ ಹೋಗಲಿ. "ನನ್ನನ್ನು ಆಡಿಸಿ" ಅಂತ ಬೇಡ. "ನನಗೆ ಏನು ಬರಲ್ಲ ಹೇಳಿ ಸಾರ್" ಅಂತ ಕೇಳಲಿ. ಹದಿಮೂರು ವರ್ಷದ ಮಗು ದೊಡ್ಡವರ ಮುಂದೆ ನಿಂತು ಅಷ್ಟು ಕೇಳಿದರೆ ಟೀಮಿನಲ್ಲಿ ಇದ್ದರೂ ಸರಿ, ಬಿಟ್ಟರೂ ಸರಿ.

ಇಬ್ಬರ ಅಮ್ಮ:

ಬೆಂಗಳೂರಿನಿಂದ. ನಮ್ಮ ಮಕ್ಕಳದು ಬ್ಯಾಡ್ಮಿಂಟನ್. ಇಲ್ಲಿ ಕತೆಯೇ ಬೇರೆ. ತಿಂಗಳ ಫೀಸು, ಶಟಲ್ ಡಬ್ಬ, ಪ್ರತಿ ಭಾನುವಾರ ಒಂದು ಟೂರ್ನಿ. ಬೆಂಚು ಅಂತ ಇಲ್ಲ, ದುಡ್ಡು ಕಟ್ಟಿದವರೆಲ್ಲ ಆಡುತ್ತಾರೆ. ಬೆಂಚಿನಲ್ಲಿ ಕೂರೋದು ನಾವು, ಅಪ್ಪ-ಅಮ್ಮ. ಕೂತಲ್ಲೇ ಇರಲ್ಲ, ಅಷ್ಟೆ. ಹೋದ ತಿಂಗಳು ನನ್ನ ಮಗ ಸೋತ ಮೇಲೆ ಕಾರಿನಲ್ಲಿ ಅವನ ಒಂದೊಂದು ತಪ್ಪನ್ನೂ ಹೇಳುತ್ತಾ ಬಂದೆ. ಹೆಬ್ಬಾಳ ಫ್ಲೈಓವರ್ ಹತ್ತಿರ ಅವನು "ಅಮ್ಮ, ರೇಡಿಯೋ ಹಾಕು" ಅಂದ. ಅಲ್ಲಿಗೆ ನಿಲ್ಲಿಸಿದೆ.

1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ ಅವರು ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಮದುವೆಗೆ ಕೊಡುತ್ತಿದ್ದ ಹಾಲ್ ಅದು. ಮದುವೆ ಇದ್ದ ದಿನ ಆಟ ಇಲ್ಲ, ಕಾಯಬೇಕು. ನಮ್ಮ ಮಕ್ಕಳಿಗೆ ಕಾಯೋದು ಬಿಟ್ಟು ಬೇರೆಲ್ಲಾ ಕೊಡಿಸಿದ್ದೀವಿ. ನಿಮ್ಮ ಮಗಳು ಮೂರು ತಿಂಗಳು ಬೆಳಗ್ಗೆ ಆರಕ್ಕೆ ಎದ್ದು ಹೋಗಿದ್ದಾಳೆ ಅಂದರೆ ನನಗೆ ಅದೇ ದೊಡ್ಡದು ಅನ್ನಿಸಿತು. ಸಲಹೆ ಕೊಡುವಷ್ಟು ತಿಳಿದವಳಲ್ಲ.

ಕೂಳೆ ಕಬ್ಬು:

ಖೋ-ಖೋ ಬಗ್ಗೆ ಇಷ್ಟು ಮಾತಾಡಿ ಕುರುಬೂರಿನ ಹೆಸರು ಯಾರೂ ತೆಗೀಲಿಲ್ವಲ್ಲ! ಟಿ. ನರಸೀಪುರ ತಾಲ್ಲೂಕು. ಅಲ್ಲಿನ ಹುಡುಗಿ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ತಂಡದಲ್ಲಿದ್ದಳು. ಫೈನಲ್‌ನಲ್ಲಿ ನೇಪಾಳದ ಮೇಲೆ 78-40. ಗಂಡಸರ ಟೀಮೂ ಅದೇ ದಿನ ನೇಪಾಳವನ್ನೇ 54-36ರಿಂದ ಸೋಲಿಸಿತು, ಅದರಲ್ಲಿ ನಮ್ಮ ಎಂ.ಕೆ. ಗೌತಮ್ ಇದ್ದ. ನಮ್ಮೂರ ಹೋಟೆಲಲ್ಲಿ ಟಿವಿ ಮುಂದೆ ನಿಂತು ನೋಡಿದ್ದು. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಅಲ್ಲಿ ಜನ ನಿಂತದ್ದು ನಾನು ಕಂಡ ಹಾಗೆ ಅದೇ ಮೊದಲು.

ಆಮೇಲೆ ನಡೆದದ್ದೂ ಹೇಳಬೇಕು. ನಮ್ಮ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ, ಮೇಲೆ ಸರ್ಕಾರಿ ಕೆಲಸ. ಇವರಿಬ್ಬರೂ 5 ಲಕ್ಷ ಬೇಡ ಅಂದುಬಿಟ್ಟರು. ದುರಹಂಕಾರ ಅಂದವರೂ ಇದ್ದಾರೆ. ನನಗೆ ಹಾಗನ್ನಿಸಲಿಲ್ಲ. ಗೆದ್ದು ಬಂದ ಮೇಲೆ ಮೈಕ್ ಮುಂದೆ ನಿಂತು "ಇದು ಸರಿಯಲ್ಲ" ಅನ್ನೋಕೆ ಎಲ್ಲರಿಗೂ ಆಗುತ್ತಾ? ಸಣ್ಣೂರಿನ ಹುಡುಗಿಗೆ ಆ ಗಟ್ಟಿತನ ಅಂಕಣ ಬಿಟ್ಟು ಇನ್ನೆಲ್ಲಿಂದ ಬರಬೇಕು?

ಇನ್ನೊಂದು ಹೊಟ್ಟೆಉರಿ. 2022ರಲ್ಲಿ ಅಲ್ಟಿಮೇಟ್ ಖೋ ಖೋ ಲೀಗ್ ಶುರುವಾದಾಗ ಆರು ಟೀಮ್ ಇತ್ತು. ತೆಲುಗಿನವರದ್ದಿತ್ತು, ಚೆನ್ನೈದಿತ್ತು, ಒಡಿಶಾದ್ದಿತ್ತು. ನಮ್ಮದಿರಲಿಲ್ಲ.

ಸುಮ್ನೆ ಕೇಳಿದೆ:

ಕೂಳೆ ಕಬ್ಬು, ಚೈತ್ರಾ ವಿಷಯ ಒಪ್ಪಿದೆ. ಆದರೆ ವಿಶ್ವಕಪ್ ಗೆದ್ದವಳನ್ನು ತೋರಿಸಿ ಎಂಟನೇ ಕ್ಲಾಸಿನ ಮಗುವನ್ನು ಬೆಂಚಿನಲ್ಲಿ ಕೂರಿಸಬೇಡಿ ಮಾರಾಯ್ರೆ. ಗೆದ್ದವರಿಗೇ 5 ಲಕ್ಷದ ಜಗಳ, ಬ್ಯಾಗು ಕಾದವರಿಗೆ ಏನು?

ಮೇಷ್ಟ್ರೇ, ನಿಮ್ಮ ಮಾತು ಮಾತ್ರ ಒಳಗೆ ಇಳಿಯಿತು. "ಎಲ್ಲಾ ಸಲ ಬಾಯಿ ಬಿಟ್ಟಿಲ್ಲ" ಅಂತ ಇಷ್ಟು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ನೀವು ನನ್ನ ಮೇಷ್ಟ್ರಲ್ಲ, ಆದರೂ.

ಸೀಟಿ ಅಕ್ಕ:

ತಡವಾಗಿ ಬಂದೆ. ನಾನು ಹೈಸ್ಕೂಲಿನಲ್ಲಿ ಮೂರು ವರ್ಷ ಬೆಂಚು. ಸರಿಯಾಗಿ ಓದಿ, ಮೂರು ವರ್ಷ. ಆಡಿದ್ದು ಎಲ್ಲಾ ಸೇರಿ ಒಂದು ಸರದಿ, 9 ನಿಮಿಷ. ಬೇಜಾರಿಗೆ ಸ್ಕೋರ್ ಶೀಟ್ ಬರೆಯೋಕೆ ಕಲಿತೆ. ಯಾರು ಎಷ್ಟು ನಿಮಿಷ ನಿಂತರು, ಯಾರನ್ನು ಯಾರು ಔಟ್ ಮಾಡಿದರು, ಎಲ್ಲಾ. ಬರೆಯುತ್ತಾ ಬರೆಯುತ್ತಾ ಆಟ ಕಾಣೋಕೆ ಶುರುವಾಯಿತು. ಓಡುವವರಿಗೆ ಅಂಕಣ ಕಾಣಲ್ಲ, ಗೊತ್ತಾ? ಅವರಿಗೆ ಮುಂದಿನ ಎರಡು ಚೌಕ ಕಾಣುತ್ತೆ ಅಷ್ಟೆ. ಈಗ ಬ್ಯಾಂಕಿನಲ್ಲಿ ಕೆಲಸ, ರಜೆ ಸಿಕ್ಕಾಗ ಅಂಪೈರಿಂಗ್ ಮಾಡುತ್ತೇನೆ.

ಈಗ ಮೂರನೇ ಚೌಕ ಅವರಿಗೆ ಒಂದು ಮಾತು. ಬೇಗ ಏಳೋದನ್ನು ನಾನು ಹೇಗೆ ಹಿಡಿಯುತ್ತೇನೆ ಗೊತ್ತಾ? ಖೋ ಕೊಡುವ ಕೈ ನೋಡಿಕೊಂಡಿದ್ದರೆ ಆಗಲ್ಲ, ಅದು ಬಹಳ ಬೇಗ. ಕೂತವರ ಹಿಂದಿನ ಕಾಲಿನ ಹಿಮ್ಮಡಿ ನೋಡುತ್ತೇನೆ. ಏಳುವ ಮನಸ್ಸು ಮೊದಲು ಹಿಮ್ಮಡಿಗೆ ಬರುತ್ತೆ. ಕೈ ಇನ್ನೂ ಗಾಳಿಯಲ್ಲಿರುವಾಗ ಹಿಮ್ಮಡಿ ಅಲ್ಲಾಡಿದರೆ ಸೀಟಿ ಬಾಯಿಗೆ ಹೋಗುತ್ತೆ. ಊದಿದ ಮೇಲೆ ಎದೆ ಹೊಡ್ಕೊಳ್ಳುತ್ತೆ. ಫೈನಲ್, ಕೊನೇ ಅರ್ಧ ನಿಮಿಷ, ಸುತ್ತ ಎರಡೂ ಊರಿನ ಜನ. ಆಗ ಊದೋಕೆ ಗುಂಡಿಗೆ ಬೇಕು.

ನೀವು ಗೆಳತಿಗೆ ಹೇಳಿದಿರಿ, ಒಳ್ಳೇದು. ಆ ಅಂಪೈರ್‌ಗೆ ಹೇಳಿದಿರಾ? ಹದಿನೈದು ದಿನ ಊರಿಡೀ ಮೋಸಗಾರ ಅನ್ನಿಸಿಕೊಂಡವರು ಅವರು. ಅವರೂ ಯಾವುದೋ ಶಾಲೆಯ ಮೇಷ್ಟ್ರೇ ಇರಬೇಕು. ಮಾರನೇ ದಿನ ಬೆಳಗ್ಗೆ ಮಕ್ಕಳಿಗೆ ಕವಾಯತು ಮಾಡಿಸಿರುತ್ತಾರೆ.

ನನಗೂ ಒಂದು ಸಲ ಹೀಗಾಗಿದೆ. ಆಡಿದ ಒಂದು ಮಗುವಿನ ಅಪ್ಪ ನನ್ನ ಸ್ಕೂಟಿ ಗಾಳಿ ಬಿಟ್ಟಿದ್ದರು. ಎರಡು ಕಿಲೋಮೀಟರ್ ತಳ್ಳಿಕೊಂಡು ಹೋದೆ.

ಮೂರನೇ ಚೌಕ:

ಸೀಟಿ ಅಕ್ಕ, ಇಲ್ಲ. ಹೇಳಿಲ್ಲ. 27 ವರ್ಷದಲ್ಲಿ ಅವರ ಬಗ್ಗೆ ಒಂದು ಸಲವೂ ಯೋಚನೆ ಮಾಡಿಲ್ಲ ಅಂತ ಈಗ ಗೊತ್ತಾಯಿತು. ಈ ಕತೆಯನ್ನು ಎಷ್ಟು ಜನಕ್ಕೆ ಹೇಳಿದ್ದೀನಿ, ನಾನು ಎಷ್ಟು ಒಳ್ಳೆಯವಳಾದೆ ಅಂತ. ಅವರ ಮುಖವೂ ನೆನಪಿಲ್ಲ. ಬಿಳಿ ಕ್ಯಾಪ್ ಇತ್ತು. ನಾನು ಜಗಳ ಆಡುವಾಗ ಅವರು ಏನೂ ಮಾತಾಡಲಿಲ್ಲ, ಗಡಿಯಾರ ತೋರಿಸಿದರು.

ಇವತ್ತಿಗೆ ಇಷ್ಟು ಸಾಕು. ಮಗಳ ವಿಷಯ ಏನಾಯಿತು ಅಂತ ಬಂದು ಬರೆಯುತ್ತೇನೆ.

ಬೆಣ್ಣೆ ದೋಸೆ:

ಬರೀರಿ ಅಕ್ಕ. ಕಾಯ್ತಿರ್ತೀವಿ. (ಖೋ ಬೀಳುವವರೆಗೂ ಏಳಲ್ಲ.)

ಮೂರನೇ ಚೌಕ:

ಮೂರು ವಾರ ಆಯಿತು. ಏನೇನಾಯಿತೋ ಹಾಗೇ ಹೇಳ್ತೀನಿ. ಸಿನಿಮಾ ತರಹ ಏನೂ ಆಗಿಲ್ಲ, ಮೊದಲೇ ಹೇಳಿಬಿಡ್ತೀನಿ.

ಆ ರಾತ್ರಿಯೇ ಅವಳಿಗೆ ಪೂರ್ತಿ ಕತೆ ಹೇಳಿದೆ. ಅಂಪೈರ್ ವಿಷಯನೂ ಸೇರಿಸಿ. ಅವಳು ಕಲಿಯುತ್ತಾಳೆ ಅಂತ ನಾನು ಅಂದುಕೊಂಡ ಯಾವುದನ್ನೂ ಅವಳು ಕೇಳಿಸಿಕೊಳ್ಳಲಿಲ್ಲ. "ಅಂದ್ರೆ ನೀನು ಸುಳ್ಳು ಹೇಳಿ ಸಿಕ್ಕಿ ಹಾಕ್ಕೊಳ್ಳಲೇ ಇಲ್ವಾ?" ಅಂತ ಬಿದ್ದು ಬಿದ್ದು ನಕ್ಕಳು. ಅಜ್ಜಿಗೂ ಫೋನ್ ಮಾಡಿ ಹೇಳಿದಳು. ನಮ್ಮಮ್ಮನಿಗೂ ಇಷ್ಟು ವರ್ಷ ಗೊತ್ತಿರಲಿಲ್ಲ, ಅದು ಬೇರೆ ಪಂಚಾಯ್ತಿ.

ಮೇಷ್ಟ್ರು ಹೇಳಿದ ಹಾಗೆ ಅವಳೇ ಹೋಗಿ ಕೇಳಲಿ ಅಂದೆ. ನಾಲ್ಕು ದಿನ ಕೇಳಲಿಲ್ಲ. ದಿನಾ ಬಂದು "ಇವತ್ತು ಸಾರ್ ಮೂಡ್ ಸರಿ ಇರಲಿಲ್ಲ" ಅಂತಿದ್ದಳು. ಐದನೇ ದಿನ ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ನೀನು ಖೋ ಕೊಟ್ಟ ಮೇಲೆ ಕೂರೋದು ಲೇಟು. ಕೊಟ್ಟು ನಿಂತು ನೋಡ್ತೀಯ" ಅಂದರಂತೆ. ಬಂದು ಹೇಳುವಾಗ ಮುಖ ಕೆಂಪಗಿತ್ತು. ಅಳುತ್ತಾಳೆ ಅಂದುಕೊಂಡೆ. "ಹೌದಮ್ಮ, ನಾನು ನಿಂತು ನೋಡ್ತೀನಿ. ಔಟ್ ಆಗುತ್ತಾ ಅಂತ ನೋಡಬೇಕು ಅನ್ಸುತ್ತೆ" ಅಂದಳು. ಮನೆ ಹಜಾರದಲ್ಲಿ ನಾಲ್ಕು ದಿಂಬು ಸಾಲಾಗಿಟ್ಟು, ಮುಟ್ಟಿ ಕೂರೋದು, ಮುಟ್ಟಿ ಕೂರೋದು. ನಮ್ಮ ಮನೆಯವರು ಕತ್ತಲಲ್ಲಿ ಒಂದು ದಿಂಬು ಎಡವಿ ಬಿದ್ದರು.

ತಾಲ್ಲೂಕು ಮಟ್ಟ. ಮೊದಲ ಮ್ಯಾಚ್ ಗೆಲ್ಲೋದು ಖಾತ್ರಿ ಆದ ಮೇಲೆ ಕೊನೆಯ ಮೂರು ನಿಮಿಷ ಇವಳನ್ನು ಇಳಿಸಿದರು. ಆರನೇ ಚೌಕ. ನಾನು ಗೆರೆಯ ಆಚೆ ನಿಂತಿದ್ದೆ. ಸೀಟಿ ಅಕ್ಕನ ಮಾತು ಕೇಳಿ ಕೆಟ್ಟೆ, ಅವಳ ಹಿಮ್ಮಡಿ ಬಿಟ್ಟು ಬೇರೆ ಏನೂ ನೋಡಲಿಲ್ಲ. ಎರಡು ಸಲ ಪಕ್ಕದವಳಿಗೆ ಖೋ ಬಿತ್ತು, ಇವಳ ಹಿಮ್ಮಡಿ ಅಲ್ಲಾಡಲಿಲ್ಲ. ಆಮೇಲೆ ಇವಳಿಗೆ ಬಿತ್ತು. ಎದ್ದಳು, ನಾಲ್ಕು ಹೆಜ್ಜೆ, ರನ್ನರ್ ಆಚೆ ನುಸುಳಿದಳು, ಖೋ ಕೊಟ್ಟಳು, ಕೂತಳು. ಥಟ್ಟಂತ ಕೂತಳು. ಒಟ್ಟು ಐದು ಸಲ ಎದ್ದಳು. ಒಬ್ಬರನ್ನೂ ಔಟ್ ಮಾಡಲಿಲ್ಲ. ಒಂದು ಸಲ ದಿಕ್ಕು ತಪ್ಪಿ ಫೌಲ್ ಆಯಿತು. ನಾನು ಅಂಪೈರ್ ಮುಖ ನೋಡಿದೆ. ಇಪ್ಪತ್ತೈದರ ಹುಡುಗ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಮ್ಯಾಚ್ ಆದ ಮೇಲೆ ಅವನಿಗೆ ಒಂದು ಮಜ್ಜಿಗೆ ಪ್ಯಾಕೆಟ್ ಕೊಟ್ಟೆ. "ಬೇಡ ಮೇಡಂ, ಒಂದು ಟೀಮಿನವರ ಹತ್ತಿರ ತಗೊಂಡ್ರೆ ತಪ್ಪಾಗುತ್ತೆ" ಅಂದ. ಅದೂ ಸರಿಯೇ!

ಸೆಮಿಫೈನಲ್‌ನಲ್ಲಿ ಇವಳನ್ನು ಇಳಿಸಲಿಲ್ಲ. ಸೋತರು. ವಾಪಸ್ ಬರುವಾಗ ಟೆಂಪೋದಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು, ಕೊನೇಲಿ ಔಟಾದವಳು. ನನ್ನ ಮಗಳು ಏನೂ ಹೇಳಲಿಲ್ಲ, ಅವಳ ಚಪ್ಪಲಿ ಹುಡುಕಿ ಕಾಲ ಹತ್ತಿರ ಇಟ್ಟಳು. ಎಲ್ಲರ ಚಪ್ಪಲಿ ಯಾವುದು ಅಂತ ಇವಳಿಗೆ ಗೊತ್ತಲ್ವಾ.

ಬಿಡ್ತಾಳಾ, ಇರ್ತಾಳಾ? ಕೇಳಿದೆ. "ಗೊತ್ತಿಲ್ಲ, ನೋಡ್ತೀನಿ" ಅಂದಳು. ನಾನೂ ಮತ್ತೆ ಕೇಳಿಲ್ಲ. ಆದರೆ ನೀ-ಕ್ಯಾಪ್ ಕೊಡಿಸು ಅಂತ ಪೀಡಿಸ್ತಿದಾಳೆ. ಯಾವುದು ತಗೊಳ್ಳಲಿ? ಅಂಗಡಿಯಲ್ಲಿ ಸ್ಪಂಜ್ ಇರೋದು, ಇಲ್ಲದ್ದು, ಹತ್ತು ತರಹ ತೋರಿಸಿದ.

ಡ್ರಿಲ್ ಮೇಷ್ಟ್ರು:

ಶಾಲೆಯಲ್ಲಿ ಮಣ್ಣಿನ ಅಂಕಣವೋ, ಮ್ಯಾಟೋ?

ಮೂರನೇ ಚೌಕ:

ಮಣ್ಣು ಸಾರ್. ಜಲ್ಲಿಯೂ ಇದೆ.

ಡ್ರಿಲ್ ಮೇಷ್ಟ್ರು:

ಹಾಗಾದರೆ ದಪ್ಪ ಸ್ಪಂಜ್ ಬೇಡ. ಕೂರುವಾಗ ಮಂಡಿ ಹಿಂದೆ ಮಡಿಕೆ ಬಂದು ಏಳೋದು ನಿಧಾನ ಆಗುತ್ತೆ. ತೆಳ್ಳಗಿನ ಬಟ್ಟೆಯದು ಸಾಕು. ಒಂದು ಸೈಜ್ ಚಿಕ್ಕದು ತಗೋಬೇಡಿ, ರಕ್ತ ಓಡಾಡಬೇಕು. ಮತ್ತೆ ಆ ಜಲ್ಲಿ ಆರಿಸಿಬಿಡಿ. ಭಾನುವಾರ ನಾಲ್ಕು ಜನ ಅಪ್ಪ-ಅಮ್ಮ ಸೇರಿದರೆ ಎರಡು ಗಂಟೆ ಕೆಲಸ.

ಸುಮ್ನೆ ಕೇಳಿದೆ:

ಯಾವ ಊರು ಹೇಳಿ. ಹತ್ತಿರ ಆದರೆ ಬರ್ತೀನಿ. ಬಗ್ಗೋಕೆ ಮಂಡಿ ಬಿಡಲ್ಲ, ಪುಟ್ಟಿ ಎತ್ತಿ ಸುರಿಯೋ ಕೆಲಸ ನಂದು.